ಗುರ್ ಗುರ್ ಅಂದರೆ ಖುಷಿ ಅಂತಲೇ ಅಲ್ಲ

ಕಳೆದ ಭಾನುವಾರ ಮಧ್ಯಾಹ್ನ ಮಾಡೋಕೆ ಬೇರೆ ಕೆಲಸ ಇಲ್ಲದೆ (ಇತ್ತು, ಮಾಡಲಿಲ್ಲ) ನಮ್ಮ ಬ್ರಾಂಚಿನ ವಾಟ್ಸಾಪ್ ಗ್ರೂಪಿನಲ್ಲಿ 'ಮೂಡ್ ಆಫ್' ಅಂತ ಸರ್ಚ್ ಕೊಟ್ಟೆ. ಮೊದಲನೇ ಸೆಮ್ಮಿಂದ ಇಲ್ಲಿಯವರೆಗಿನ ಮೆಸೇಜುಗಳು ಸಾಲಾಗಿ ಬಂದು ನಿಂತವು. ಇಂಟರ್ನಲ್ಸ್‌ನಲ್ಲಿ ಎಂಟು ಮಾರ್ಕ್ಸ್ ಬಂದಿದ್ದಕ್ಕೆ ಮೂಡ್ ಆಫ್. ಆರ್‌ಸಿಬಿ ಸೋತಿದ್ದಕ್ಕೆ ಮೂಡ್ ಆಫ್. ಮಳೆ ಬಂದು ಫೆಸ್ಟ್ ಮುಂದಕ್ಕೆ ಹೋಗಿದ್ದಕ್ಕೆ ಮೂಡ್ ಆಫ್. ಬೆಳಿಗ್ಗೆ ಮೆಸ್ಸಿನಲ್ಲಿ ಮತ್ತೆ ಉಪ್ಪಿಟ್ಟು, ಮೂಡ್ ಆಫ್. ಅವುಗಳ ಮಧ್ಯೆ ಒಂದು ಮೆಸೇಜ್ ಇತ್ತು: 'ಊರಿಗೆ ಹೋಗ್ತಿದೀನಿ, ಅಜ್ಜ ಹೋಗ್ಬಿಟ್ರು, ಮೂಡ್ ಆಫ್.' ಅದರ ಕೆಳಗೆ ಯಾರೋ ಅಳೋ ಇಮೋಜಿ ಹಾಕಿದ್ದಾರೆ. ಉಪ್ಪಿಟ್ಟಿನ ಮೆಸೇಜಿನ ಕೆಳಗೂ ಅದೇ ಇಮೋಜಿ ಇದೆ.

ಅಜ್ಜ ಸತ್ತಿದ್ದಕ್ಕೂ ಉಪ್ಪಿಟ್ಟಿಗೂ ನಮ್ಮ ಹತ್ತಿರ ಇರೋದು ಒಂದೇ ಪದ. ಈ ಬರಹ ಆ ಪದದ ಮೇಲಿನ ತಕರಾರು.

ಮೊದಲೇ ಹೇಳಿಬಿಡ್ತೀನಿ, ಕನ್ನಡ ಬಳಗದ ಪತ್ರಿಕೆ ಅಂತ ಇಲ್ಲಿ 'ಇಂಗ್ಲಿಷ್ ಪದ ಬಳಸಬೇಡಿ' ಅನ್ನೋ ಭಾಷಣ ಮಾಡೋಕೆ ಬಂದಿಲ್ಲ. ನನಗೆ ಬಸ್ಸು ಬಸ್ಸೇ, ಲ್ಯಾಬು ಲ್ಯಾಬೇ, ಅದಕ್ಕೆ ಪ್ರಯೋಗಾಲಯ ಅಂದ್ರೆ ಹಾಜರಿ ಜಾಸ್ತಿ ಏನೂ ಕೊಡಲ್ಲ. ತಕರಾರು ಇರೋದು ಆ 'ಆಫ್' ಅನ್ನೋದರ ಮೇಲೆ. ಆಫ್ ಇದ್ರೆ ಆನ್ ಇರಬೇಕು. ಅಲ್ಲಿಗೆ ಮನಸ್ಸು ಅನ್ನೋದು ಹಾಸ್ಟೆಲ್ ಫ್ಯಾನಿನ ಸ್ವಿಚ್ಚು. ನಾವು ಇಸಿ ಬ್ರಾಂಚಿನವರು ಎಂಟು ಬಿಟ್ ಸಾಕಾಗಲ್ಲ, ಹನ್ನೆರಡು ಬಿಟ್ ಎಡಿಸಿ ಬೇಕು ಅಂತ ಪ್ರಾಜೆಕ್ಟಿಗೆ ದುಡ್ಡು ಸುರಿಯುವ ಜನ. ಆದರೆ ನಮ್ಮದೇ ಮನಸ್ಸಿನ ವಿಷಯ ಬಂದಾಗ ಒಂದು ಬಿಟ್ ಸಾಕು ಅಂತ ಒಪ್ಪಿಕೊಂಡಿದ್ದೀವಿ.

ಕನ್ನಡದಲ್ಲಿ ಇದಕ್ಕೆ ಎಷ್ಟು ಪದಗಳಿವೆ ನೋಡಿ. ಭಾನುವಾರ ಮಧ್ಯಾಹ್ನ ಕರೆಂಟ್ ಹೋಗಿ, ಫೋನಿನಲ್ಲಿ ಶೇಕಡ ನಾಲ್ಕು ಚಾರ್ಜ್ ಉಳಿದು, ಮಂಚದ ಮೇಲೆ ಬಿದ್ದುಕೊಂಡಿರ್ತೀವಲ್ಲ, ಅದು ಬೇಜಾರು. (ಈ ಬೇಜಾರು ಅನ್ನೋದೂ ಪಾರ್ಸಿ ಕಡೆಯಿಂದ ಬಂದ ಪದವೇ. ಅದಕ್ಕೇ ಹೇಳಿದ್ದು, ಪದ ಎಲ್ಲಿಂದ ಬಂತು ಅನ್ನೋದು ನನ್ನ ಜಗಳ ಅಲ್ಲ.) ಪಕ್ಕದ ರೂಮಿನವನು ರಾತ್ರಿ ಒಂದು ಗಂಟೆಗೆ ಸ್ಪೀಕರ್ ಆನ್ ಮಾಡಿ ವೀಡಿಯೋ ಕಾಲಿನಲ್ಲಿ ಮಾತಾಡಿದ್ರೆ ಆಗೋದು ಕಿರಿಕಿರಿ. ಯಾರ ರೆಕಾರ್ಡ್ ನೋಡಿಕೊಂಡು ಬರೆದಿರೋ ಅವನಿಗಿಂತ ನಿಮಗೇ ಜಾಸ್ತಿ ಮಾರ್ಕ್ಸ್ ಬಂದು, ಅವನು ಏನೂ ಅನ್ನದೆ ನಕ್ಕು ಸುಮ್ಮನಾದರೆ ನಿಮಗೆ ಆಗೋದು ಕಸಿವಿಸಿ. ರಿಸಲ್ಟ್ ಬಿಟ್ಟಿದ್ದಾರೆ, ವೆಬ್‌ಸೈಟ್ ತೆರೀತಿಲ್ಲ, ಯುಎಸ್‌ಎನ್ ಮೂರನೇ ಸಲ ಟೈಪ್ ಮಾಡ್ತಿದೀರಿ, ಅದು ತಳಮಳ. ಮುನಿಸು ಅಂತ ಒಂದಿದೆ, ಅದು ಸಿಟ್ಟಲ್ಲ. ಮುನಿಸಿಕೊಂಡವನಿಗೆ ಎದುರಿಗಿರೋನು ಬಂದು ರಮಿಸ್ತಾನೆ ಅನ್ನೋ ನಂಬಿಕೆ ಒಳಗೊಳಗೇ ಇರುತ್ತೆ. ಎಚ್‌ಓಡಿ ಮೇಲೆ ಯಾರೂ ಮುನಿಸಿಕೊಳ್ಳೋದಿಲ್ಲ. ದುಗುಡ ಅನ್ನೋದಕ್ಕೆ ಕಾರಣ ಗೊತ್ತಿರುತ್ತೆ, ಆದ್ರೆ ಹೇಳೋಕೆ ಆಗಲ್ಲ. ಮಂಕು ಅನ್ನೋದಕ್ಕೆ ಕಾರಣವೇ ಇರಲ್ಲ.

ಇನ್ನೊಂದು ಪದ ನನಗೆ ಇಲ್ಲಿಗೆ ಬಂದಮೇಲೆ ಸಿಕ್ಕಿದ್ದು. ನಾನು ಸಾಗರದ ಕಡೆಯವನು, ರೂಮ್‌ಮೇಟ್ ಗದಗ ಜಿಲ್ಲೆಯವನು. (ಹೆಸರು ಹಾಕಬೇಡ ಅಂದಿದಾನೆ. ಉಳಿದದ್ದು ಬರಿ, ಅಡ್ಡಿ ಇಲ್ಲ ಅಂದಿದಾನೆ.) ಎರಡನೇ ಸೆಮ್ಮಿನಲ್ಲಿ ಒಂದು ಸಂಜೆ ಸುಮ್ಮನೆ ಕಿಟಕಿ ಹತ್ತಿರ ನಿಂತಿದ್ದ. ಯಾಕೋ ಅಂದೆ. "ಏನಿಲ್ಲೋ ದೋಸ್ತ, ಹಳಹಳಿ" ಅಂದ. ಹಾಗಂದ್ರೆ? "ಊರಾಗ ಜಾತ್ರಿ ನಡದೈತಿ, ತೇರು ಎಳೀತಿರ್ತಾರ ಈಗ. ನಾ ಇಲ್ಲಿ ಬಿಇ ಓದಾಕ ಬಂದು ಕ್ಯಾಡ್ ಶೀಟ್ ತಗೊಂಡು ಕುಂತೀನಿ. ಇದಕ್ಕ ಹಳಹಳಿ ಅಂತಾರ." ದುಃಖವೂ ಅಲ್ಲ, ಬರೀ ನೆನಪೂ ಅಲ್ಲ, ಕಳಕೊಂಡಿದ್ದರ ಸುತ್ತ ಮನಸ್ಸು ಮತ್ತೆ ಮತ್ತೆ ಸುತ್ತೋದು. ಇಷ್ಟು ಒಳ್ಳೇ ಪದ ಇಟ್ಟುಕೊಂಡಿದ್ದ ಅದೇ ಹುಡುಗ ಐದನೇ ಸೆಮ್ಮಿಗೆ ಬರೋ ಹೊತ್ತಿಗೆ ನಮ್ಮೆಲ್ಲರ ಹಾಗೇ 'ಮೂಡ್ ಸರಿ ಇಲ್ಲ ಬಿಡು' ಅನ್ನೋಕೆ ಶುರು ಮಾಡಿದ್ದ. ಆ ಕಥೆಗೆ ಆಮೇಲೆ ಬರ್ತೀನಿ.

ಈಗ ಹಾಡಿನ ವಿಷಯ. ನಮ್ಮೆಲ್ಲರ ಫೋನಿನಲ್ಲೂ ಮೂಡಿನ ಪ್ರಕಾರ ಪ್ಲೇಲಿಸ್ಟುಗಳಿವೆ. ಸ್ಯಾಡ್, ಲವ್, ಪಾರ್ಟಿ, ಚಿಲ್. ಹಾಡುಗಳನ್ನು ಈ ಡಬ್ಬಿಗಳಿಗೆ ತುಂಬೋದು ಹೇಗೆ ಅಂತ ಮೂರನೇ ಸೆಮ್ಮಿನ ಮಿನಿ ಪ್ರಾಜೆಕ್ಟಿಗೆ ಓದಿದ್ದೆ. 1980ರಲ್ಲಿ ಜೇಮ್ಸ್ ರಸೆಲ್ ಅನ್ನೋ ಮನಶ್ಶಾಸ್ತ್ರಜ್ಞ ಭಾವನೆಗಳನ್ನೆಲ್ಲ ಒಂದು ವೃತ್ತದಲ್ಲಿ ಜೋಡಿಸಿದ. ಒಂದು ಅಕ್ಷದ ಮೇಲೆ ಹಿತ–ಅಹಿತ, ಇನ್ನೊಂದರ ಮೇಲೆ ಎಷ್ಟು ಚುರುಕು ಎಷ್ಟು ಮಂದ ಅನ್ನೋದು. ಸ್ಪಾಟಿಫೈ ಪ್ರತಿ ಹಾಡಿಗೂ 'ವೇಲೆನ್ಸ್' ಅಂತ 0.0 ರಿಂದ 1.0 ರ ಒಳಗೆ ಒಂದು ಅಂಕಿ ಕೊಟ್ಟಿತ್ತು. ಜಾಸ್ತಿ ಇದ್ರೆ ಹಾಡು ಖುಷಿಯದ್ದು, ಕಡಿಮೆ ಇದ್ರೆ ದುಃಖದ್ದು. ನಮಗೆ ಆವಾಗ ಇದು ಭಾರೀ ಬುದ್ಧಿವಂತಿಕೆ ಅನ್ನಿಸಿತ್ತು. ಪಿಪಿಟಿ ಮಾಡಿ ಮಾರ್ಕ್ಸೂ ತಗೊಂಡ್ವಿ.

ಆಮೇಲೆ ರೂಮ್‌ಮೇಟ್ ಒಂದು ಹಾಡು ಕೇಳಿಸಿದ. ಬೇಂದ್ರೆಯವರದ್ದು. ಹಾಡಿನ ಹೆಸರು ಹೇಳದಿದ್ರೂ ನಿಮಗೆ ಗೊತ್ತಾಗುತ್ತೆ. ಗಂಡ ಹೆಂಡತಿಗೆ, ಹಾಗೆ ನನ್ನ ಕಡೆ ನೋಡಬೇಡ ಅಂತ ಬೇಡಿಕೊಳ್ಳೋದು. ನಾನು ಪಿಯುಸಿಯಿಂದ ಅದನ್ನು ಪ್ರೇಮಗೀತೆ ಅಂತಲೇ ಕೇಳ್ತಿದ್ದೆ. ಹುಡುಗಿ ಓರೆಗಣ್ಣಿಂದ ನೋಡ್ತಾಳೆ, ಹುಡುಗ ಸೋಲ್ತಾನೆ, ಇಷ್ಟೇ ಅಂದ್ಕೊಂಡಿದ್ದೆ. ಇನ್‌ಸ್ಟಾ ರೀಲ್ಸಿನಲ್ಲೂ ಅದನ್ನು ಮದುವೆ ವೀಡಿಯೋಗಳಿಗೆ ಹಾಕಿದ್ದು ನೋಡಿದೀನಿ. "ಲೇ, ಅದು ಕೂಸು ಸತ್ತಾಗ ಬರೆದಿದ್ದು" ಅಂದ ಇವನು. ಮಗುವನ್ನು ಕಳಕೊಂಡ ಮನೆಯಲ್ಲಿ ಹೆಂಡತಿ ಮಾತಾಡದೆ ಗಂಡನ ಮುಖ ನೋಡ್ತಾಳೆ, ಆ ನೋಟ ತಡಕೊಳ್ಳೋಕಾಗದೆ ಗಂಡ ಆಡೋ ಮಾತು ಅದು. ಧಾರವಾಡ ಕಡೆ ಎಷ್ಟೋ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರೋ ಸಂಗತಿಯಂತೆ. ನನಗೆ ಹತ್ತೊಂಬತ್ತನೇ ವಯಸ್ಸಿಗೆ ಗೊತ್ತಾಯ್ತು. ಅವತ್ತು ರಾತ್ರಿ ಮತ್ತೆ ಕೇಳಿದೆ. ಅದೇ ದನಿ, ಅದೇ ರಾಗ, ಅದೇ ಎಂಪಿತ್ರೀ ಫೈಲು. ಒಂದು ಬಿಟ್ಟೂ ಬದಲಾಗಿರಲಿಲ್ಲ. ಹಾಡು ಪೂರ್ತಿ ಬೇರೆ ಆಗಿತ್ತು.

ಅದಕ್ಕೆ ಅಂಕಿ ಕೊಡಿ ನೋಡೋಣ.

ಉಲ್ಟಾ ಉದಾಹರಣೆಯೂ ಇದೆ. ಪ್ರತಿ ವರ್ಷ ನಮ್ಮ ಫೆಸ್ಟಿನಲ್ಲಿ ಸಿ. ಅಶ್ವತ್ಥ್ ಸಂಯೋಜನೆಯ ಶಿಶುನಾಳ ಷರೀಫರ ಪದ ಹಾಕಿದ ತಕ್ಷಣ ಇಡೀ ಮೆಕ್ಯಾನಿಕಲ್ ಬ್ರಾಂಚು ಎದ್ದು ಕುಣಿಯುತ್ತೆ. ಲಯ ಹಾಗಿದೆ, ಕುಣಿಯದೆ ಇರೋಕೆ ಆಗಲ್ಲ. ಅದು ತತ್ವಪದ. ಈ ದೇಹ, ಈ ಮನೆ, ಈ ಸಂಸಾರ ಯಾವುದೂ ನಿಲ್ಲೋದಲ್ಲ ಅಂತ ಹತ್ತೊಂಬತ್ತನೇ ಶತಮಾನದಲ್ಲಿ ಹಾಡಿಕೊಂಡು ತಿರುಗಿದ ಸಂತನ ಮಾತಿಗೆ ನಾವು ಶಿಳ್ಳೆ ಹಾಕ್ತೀವಿ. ಅದು ತಪ್ಪು ಅಂತ ನನಗನ್ನಿಸಲ್ಲ. ಷರೀಫರಿಗೂ ಅನ್ನಿಸ್ತಿರಲಿಲ್ಲವೇನೋ. ಒಂದೇ ಹಾಡಿನೊಳಗೆ ಕುಣಿತವೂ ಸಾವೂ ಜೊತೆಗೆ ಇರಬಹುದು ಅನ್ನೋದು ಆ ಕಾಲದ ಕೇಳುಗರಿಗೆ ಹೊಸ ವಿಷಯ ಆಗಿರಲಿಲ್ಲ. ನಮಗೆ ಮಾತ್ರ ಅದು ಪಾರ್ಟಿ ಡಬ್ಬಿಗೆ ಹೋಗುತ್ತೋ ಚಿಲ್ ಡಬ್ಬಿಗೋ ಅಂತ ಗೊತ್ತಾಗಬೇಕು.

ನಮ್ಮ ಮನೆಯಲ್ಲಿ ಅಮ್ಮ ಬೆಳಿಗ್ಗೆ ಆಕಾಶವಾಣಿ ಭದ್ರಾವತಿ ಹಾಕಿದ್ರೆ ಅಡುಗೆ ಮುಗಿಯೋವರೆಗೂ ಓಡ್ತಾ ಇರುತ್ತೆ. ಭಕ್ತಿಗೀತೆ, ಆಮೇಲೆ ಪ್ರದೇಶ ಸಮಾಚಾರ, ಅಡಿಕೆಗೆ ಕೊಳೆರೋಗ ಬಂದ್ರೆ ಬೋರ್ಡೋ ದ್ರಾವಣ ಹೊಡೆಯೋದು ಹೇಗೆ ಅಂತ ಒಬ್ಬರ ಮಾತು, ಅದು ಮುಗೀತಿದ್ದ ಹಾಗೇ ಪಿ.ಬಿ. ಶ್ರೀನಿವಾಸ್ ದನಿಯಲ್ಲಿ ಒಂದು ವಿರಹದ ಹಾಡು. 'ಈಗ ನಿನ್ನ ಮೂಡ್ ಹೇಗಿದೆ' ಅಂತ ರೇಡಿಯೋ ಅಮ್ಮನನ್ನು ಯಾವತ್ತೂ ಕೇಳಿಲ್ಲ. ಅಮ್ಮನೂ ಅದಕ್ಕೆ ಹೇಳಿಲ್ಲ. ಆದರೂ ವಿರಹದ ಹಾಡು ಬಂದಾಗ ದೋಸೆ ಹುಯ್ಯೋ ಕೈ ಸ್ವಲ್ಪ ನಿಧಾನ ಆಗೋದನ್ನ ನಾನು ನೋಡಿದೀನಿ. ಬೇಕಂತ ಹಾಕಿಕೊಂಡ ದುಃಖ ಅಲ್ಲ ಅದು, ತಾನಾಗೇ ಬಂದು ಹಾದುಹೋಗಿದ್ದು. ಮೂರು ನಿಮಿಷ, ಆಮೇಲೆ ಜಾಹೀರಾತು. ನಮ್ಮ ಸ್ಯಾಡ್ ಪ್ಲೇಲಿಸ್ಟಿನ ಸಮಸ್ಯೆ ಅಂದ್ರೆ ಅದಕ್ಕೆ ಜಾಹೀರಾತೇ ಇಲ್ಲ (ಪ್ರೀಮಿಯಂ ತಗೊಂಡವರಿಗೆ). ಒಂದು ಮುಗಿದ್ರೆ ಅದೇ ತೂಕದ ಇನ್ನೊಂದು, ಅದು ಮುಗಿದ್ರೆ ಮತ್ತೊಂದು. ಹಾಡು ಮನಸ್ಸನ್ನು ಎಲ್ಲಿಂದಾದರೂ ಎಲ್ಲಿಗಾದರೂ ಕರ್ಕೊಂಡು ಹೋಗಬೇಕು. ಇದು ಇರೋ ಜಾಗದಲ್ಲೇ ಕೂರಿಸುತ್ತೆ.

ನಾನೇನೂ ಪ್ಲೇಲಿಸ್ಟ್ ಬಿಟ್ಟ ಸನ್ಯಾಸಿ ಅಲ್ಲ. ನನ್ನದೂ ಒಂದಿದೆ, ಹೆಸರು 'ಲ್ಯಾಬ್ ಎಕ್ಸ್‌ಟರ್ನಲ್ ಹಿಂದಿನ ರಾತ್ರಿ'. ಅದರಲ್ಲಿ ರಾಜನ್–ನಾಗೇಂದ್ರ, ಹಂಸಲೇಖ, ಎರಡು ಯಕ್ಷಗಾನದ ಪದ, ಒಂದು ಮೆಟಲ್ ಬ್ಯಾಂಡು ಎಲ್ಲಾ ಕಲಸುಮೇಲೋಗರ. ಚೆನ್ನಾಗಿ ಕೆಲಸ ಮಾಡುತ್ತೆ.

ಈಗ ಡಯೋಡ್ ಬಗ್ಗೆ.

ಡಯೋಡ್ ಅಂದ್ರೆ ನಮ್ಮ ಫ್ಲೋರಿನ ಬೆಕ್ಕು. ಬಿಳಿ ಮೈ, ಬೆನ್ನ ಮೇಲೆ ಕಪ್ಪು ಪಟ್ಟಿ. ಮೂರನೇ ಸೆಮ್ಮಿನ ಅಕ್ಟೋಬರ್ ಮಳೆಗೆ ನೆನೆದುಕೊಂಡು ಒಳಗೆ ಬಂದವಳು ಹೊರಗೆ ಹೋಗಲೇ ಇಲ್ಲ. ಒಂದೇ ದಿಕ್ಕಿಗೆ ಹರಿಯೋದ್ರಿಂದ ಡಯೋಡ್. ಆ ಬಿಳಿ ಮೈ ಮೇಲಿನ ಕಪ್ಪು ಪಟ್ಟಿಯನ್ನು ನೋಡಿದ್ರೆ ಹೆಸರು ಇನ್ನೂ ಸರಿ ಅನ್ನಿಸುತ್ತೆ. ಅವಳಿಗೆ ನಮ್ಮ ಸಂಗೀತದ ರುಚಿ ಇಲ್ಲ. ರಾಜನ್–ನಾಗೇಂದ್ರ ಹಾಕಿದಾಗೆಲ್ಲ ಲ್ಯಾಪ್‌ಟಾಪ್ ಮೇಲೆ ಬಂದು ಮಲಗ್ತಾಳೆ ಅಂತ ಒಂದು ತಿಂಗಳು ಹೆಮ್ಮೆಪಟ್ಟಿದ್ದೆ. ಒಂದು ದಿನ ಮ್ಯಾಟ್‌ಲ್ಯಾಬ್ ಸಿಮ್ಯುಲೇಷನ್ ಓಡಿಸುವಾಗಲೂ ಬಂದು ಮಲಗಿದಳು. ಬೇಕಾಗಿದ್ದು ಪ್ರೊಸೆಸರಿನ ಬಿಸಿ, ಅಷ್ಟೇ. 2015ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಸ್ನೋಡನ್ ಮತ್ತು ಚೆಲ್ಲೋ ವಾದಕ ಡೇವಿಡ್ ಟೈ ತಂಡದವರು ಬೆಕ್ಕುಗಳಿಗೆ ಮನುಷ್ಯರ ಶಾಸ್ತ್ರೀಯ ಸಂಗೀತ ಕೇಳಿಸಿದರು, ಬೆಕ್ಕಿಗೆ ಅಂತಲೇ ಕಟ್ಟಿದ ಸಂಗೀತವನ್ನೂ ಕೇಳಿಸಿದರು. ಬೆಕ್ಕಿನ ದನಿಯ ಎತ್ತರಕ್ಕೆ, ಗುರ್ ಗುರ್ ಲಯಕ್ಕೆ, ಹಾಲು ಕುಡಿಯೋ ಮರಿಯ ಲಯಕ್ಕೆ ಹೊಂದಿಸಿ ಮಾಡಿದ್ದು. ಬೆಕ್ಕುಗಳು ತಮ್ಮದರ ಕಡೆಗೇ ಹೆಚ್ಚು ಆಸಕ್ತಿ ತೋರಿಸಿದವು, ಸ್ಪೀಕರಿಗೆ ಮೈ ಉಜ್ಜಿದವು. ಅವುಗಳ ಕಿವಿ ಅರವತ್ತು ಕಿಲೋಹರ್ಟ್ಸ್ ದಾಟಿ ಕೇಳುತ್ತೆ, ನಮ್ಮದು ಇಪ್ಪತ್ತಕ್ಕೆ ಮುಗೀತು. ನಮ್ಮ ಹಾಡು ಅವಕ್ಕೆ ಹೇಗೆ ಕೇಳುತ್ತೋ ಅವಕ್ಕೇ ಗೊತ್ತು.

ಗುರ್ ಗುರ್ ಅನ್ನೋದು ಇನ್ನೂ ಮಜಾ ವಿಷಯ. ನಾಲ್ಕು ಕೆಜಿ ಪ್ರಾಣಿ 25–30 ಹರ್ಟ್ಸ್ ಆಸುಪಾಸಿನ ಸದ್ದು ಹೊರಡಿಸುತ್ತೆ. ಮನುಷ್ಯರ ಕಿವಿಯ ಕೆಳ ಅಂಚು 20 ಹರ್ಟ್ಸ್. ಫೋನಿನ ಸಣ್ಣ ಸ್ಪೀಕರಿಗೆ ಆ ಸ್ವರ ನುಡಿಸೋ ಯೋಗ್ಯತೆಯೇ ಇಲ್ಲ, ಯೂಟ್ಯೂಬಿನಲ್ಲಿ ನೀವು ಕೇಳೋದು ಅದರ ಮೇಲಿನ ಹಾರ್ಮೋನಿಕ್ಸ್ ಮಾತ್ರ. ಬೆಕ್ಕು ಎದೆ ಮೇಲೆ ಕೂತಾಗ ಮಾತ್ರ ಪೂರ್ತಿ ಸಿಗೋದು, ಅದೂ ಅರ್ಧ ಕಿವಿಗೆ, ಅರ್ಧ ಪಕ್ಕೆಲುಬಿಗೆ. ಇದನ್ನ ಹುಟ್ಟಿಸೋಕೆ ಮಿದುಳು ಸ್ನಾಯುಗಳಿಗೆ ಒಂದೇ ಸಮನೆ ಆಜ್ಞೆ ಕೊಡ್ತಿರಬೇಕು ಅಂತ ಬಹಳ ಕಾಲ ನಂಬಿದ್ದರು. 2023ರಲ್ಲಿ ವಿಯೆನ್ನಾದ ಕ್ರಿಸ್ಟಿಯನ್ ಹರ್ಬ್ಸ್ಟ್ ತಂಡ, ಕಾಯಿಲೆಯಿಂದ ತೀರಿಕೊಂಡ ಬೆಕ್ಕುಗಳ ಧ್ವನಿಪೆಟ್ಟಿಗೆ ತೆಗೆದು ಬರೀ ಗಾಳಿ ಊದಿದರು. ಮಿದುಳೂ ಇಲ್ಲ, ನರವೂ ಇಲ್ಲ, ಆದರೂ ಅಷ್ಟೇ ಕೆಳಗಿನ ಸ್ವರ ಬಂತು. ಧ್ವನಿತಂತುಗಳೊಳಗೆ ಮೆತ್ತೆ ಥರದ ದಪ್ಪ ಭಾಗ ಇದೆ, ಅದು ಅಲುಗಾಟವನ್ನು ನಿಧಾನ ಮಾಡುತ್ತೆ ಅಂತ ಅವರ ವಿವರಣೆ. ಕಳೆದ ಡಿಸೆಂಬರಿನವರೆಗೆ ನನಗೆ ಇದೆಲ್ಲ ಗೊತ್ತಿರಲಿಲ್ಲ. ಬೆಕ್ಕು ಗುರ್ ಅಂದ್ರೆ ಖುಷಿಯಾಗಿದೆ, ಇಷ್ಟೇ ಗೊತ್ತಿತ್ತು.

ಡಿಸೆಂಬರಿನಲ್ಲಿ ಡಯೋಡ್ ನನ್ನ ಮಂಚದ ಕೆಳಗೆ ಸೂಟ್‌ಕೇಸಿನ ಹಿಂದೆ ಸೇರಿಕೊಂಡಳು. ಒಂದು ದಿನ ಹೊರಗೆ ಬರಲಿಲ್ಲ. ಬಗ್ಗಿ ತಲೆ ಸವರಿದೆ, ಗುರ್ ಗುರ್ ಅಂದಳು. ಚಳಿ ಅಲ್ವಾ, ಬೆಚ್ಚಗೆ ಮಲಗಿದಾಳೆ, ಖುಷಿಯಾಗಿದಾಳೆ ಅಂದ್ಕೊಂಡೆ. ಎರಡನೇ ದಿನ ಆಮ್ಲೆಟ್ ಇಟ್ರೂ ಮೂಸಲಿಲ್ಲ. ಆದ್ರೆ ಮುಟ್ಟಿದ್ರೆ ಗುರ್ ಗುರ್ ಇತ್ತು, ಅದಕ್ಕೇ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ರೂಮಿಗೆ ಬಂದವನೊಬ್ಬ ಅರ್ಧ ಡೋಲೋ ಹಾಕಿ ನೋಡೋಣ ಅಂದ. ನಮ್ಮ ಹಾಸ್ಟೆಲಿನಲ್ಲಿ ಜ್ವರ, ತಲೆನೋವು, ಬ್ರೇಕಪ್ಪು ಎಲ್ಲದಕ್ಕೂ ಡೋಲೋ ತಾನೇ. ಪುಣ್ಯಕ್ಕೆ ಆ ಹೊತ್ತಿಗೆ ಮೆಸ್ಸಿನಲ್ಲಿ ಪಾತ್ರೆ ತೊಳೆಯೋ ಅಕ್ಕ ಸಿಕ್ಕರು. "ಬೆಕ್ಕು ಮೂಲೆ ಹಿಡೀತು ಅಂದ್ರೆ ಅದಕ್ಕೆ ಆಗ್ತಾ ಇಲ್ಲ ಅಂತ ಕಣಪ್ಪಾ. ಮನೇಲಿ ಬೆಕ್ಕು ಸಾಕಿಲ್ವಾ ನೀವು? ಮಾತ್ರೆ ಗೀತ್ರೆ ಹಾಕಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ" ಅಂದ್ರು.

ಮನೇಲಿ ಬೆಕ್ಕು ಸಾಕಿದೀವಿ. ಆದ್ರೆ ನಮ್ಮ ಕಡೆ ಬೆಕ್ಕು ಸಾಕೋದು ಅಂದ್ರೆ ಹಾಲು ಕರೆದಾಗ ಒಂದು ಗರಟೆ ಹಾಲು, ಉಳಿದದ್ದು ಅದರ ಪಾಡು. ಅದು ಹುಷಾರಿಲ್ಲ ಅಂತ ಯಾರೂ ಆಸ್ಪತ್ರೆಗೆ ಹೋಗಿದ್ದು ನಾನು ನೋಡಿಲ್ಲ.

ಮೈಕ್ರೋಕಂಟ್ರೋಲರ್ ಕಿಟ್ ಬಂದಿದ್ದ ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಹಳೇ ಟೀ ಶರ್ಟ್ ಹಾಸಿ ಅವಳನ್ನ ಕೂರಿಸಿಕೊಂಡು ನಾನೂ ರೂಮ್‌ಮೇಟೂ ಆಟೋ ಹತ್ತಿದ್ವಿ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ನಮ್ಮ ಮುಂದೆ ಎರಡು ಮೇಕೆ, ಒಂದು ಲ್ಯಾಬ್ರಡಾರ್. ಡಾಕ್ಟರ್ ಮೇಡಂ ಬಾಲದ ಬುಡದ ಕೂದಲು ಸರಿಸಿ ತೋರಿಸಿದರು. ಬೇರೆ ಬೆಕ್ಕು ಕಚ್ಚಿದ ಗಾಯ, ಮೇಲೆ ಮುಚ್ಚಿಕೊಂಡು ಒಳಗೆಲ್ಲ ಕೀವು. ಮೈ ಕೆಂಡ. ಕೀವು ತೆಗೆಯುವಾಗಲೂ ಡಯೋಡ್ ಗುರ್ ಗುರ್ ಅಂತಲೇ ಇದ್ದಳು. ನಾನು, ಮೇಡಂ, ಇವಳು ಖುಷಿಯಾಗೇ ಇದ್ದಳಲ್ಲ ಅಂದೆ. ಅವರು ತಲೆ ಎತ್ತದೇ ಹೇಳಿದ್ರು, "ನೋವಿದ್ರೂ ಗುರ್ ಅನ್ನುತ್ತೆ, ಹೆದರಿದ್ರೂ ಅನ್ನುತ್ತೆ, ಮರಿ ಹಾಕೋವಾಗಲೂ ಅನ್ನುತ್ತೆ. ಊಟ ಬಿಟ್ಟಿದ್ದು ಯಾವಾಗ, ಅದು ಹೇಳಿ." ಡೋಲೋ ವಿಷಯ ಹೇಳಿದಾಗ ಮಾತ್ರ ತಲೆ ಎತ್ತಿದರು. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅರ್ಧ ಮಾತ್ರೆ ಸಾಕು ಸಾಯೋಕೆ. ದಯವಿಟ್ಟು ಇದನ್ನೊಂದು ನೆನಪಿಟ್ಕೊಳ್ಳಿ, ಈ ಬರಹದಲ್ಲಿ ಬೇರೇನೂ ಇಷ್ಟ ಆಗದಿದ್ರೂ ಪರವಾಗಿಲ್ಲ.

ವಾಪಸ್ ಬರೋವಾಗ ಆಟೋದಲ್ಲಿ ಡಬ್ಬ ರೂಮ್‌ಮೇಟಿನ ತೊಡೆ ಮೇಲಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಇವನು ಡಬ್ಬ ನೋಡ್ತಾನೇ ಅಂದ, "ಎಕ್ಸಾಮ್ ಫೀ ಕಟ್ಟಿಲ್ಲಲೇ ನಾ."

ಕೊನೇ ದಿನ ದಾಟಿ ನಾಲ್ಕು ದಿನ ಆಗಿತ್ತು. ಊರಲ್ಲಿ ಉಳ್ಳಾಗಡ್ಡಿ ಕೀಳೋ ಹೊತ್ತಿಗೆ ಮಳೆ ಹಿಡಿದು ಬೆಳೆ ಹೊಲದಲ್ಲೇ ಕೊಳೆತಿತ್ತು. ಅಪ್ಪನ್ನ ಕೇಳೋಕೆ ಬಾಯಿ ಬಂದಿರಲಿಲ್ಲ. ಮೆಸ್ ಬಿಲ್ಲೂ ಬಾಕಿ, ಅದಕ್ಕೇ ರಾತ್ರಿ ಊಟಕ್ಕೆ ಬರ್ತಿರಲಿಲ್ಲ, 'ಹಸಿವಿಲ್ಲೋ' ಅಂತ ಮಲಗ್ತಿದ್ದ. ಬಿಟ್ಟು ಹೋಗಿಬಿಡೋಣ ಅಂತ ಎರಡು ವಾರದಿಂದ ಯೋಚನೆ ಮಾಡ್ತಿದ್ದನಂತೆ. ಆ ಎರಡು ವಾರ ಅವನ ಸ್ಟೇಟಸ್ಸಿನಲ್ಲಿ ಬರೀ ಟಪಾಂಗುಚ್ಚಿ ಹಾಡು. ಬ್ಲೂಟೂತ್ ಸ್ಪೀಕರಿನಲ್ಲಿ ಅದೇ. ನಮ್ಮ ಫ್ಲೋರಿನವರೆಲ್ಲ 'ಏನ್ ಮಗಾ, ಫುಲ್ ಮೂಡಲ್ಲಿದೀಯ' ಅಂತಿದ್ರು. ನಾನೂ ಅಂದಿದ್ದೆ. ಪಕ್ಕದ ಮಂಚದಲ್ಲಿ ಮಲಗೋ ನಾನು.

ಕೇಳಿರಲಿಲ್ಲ ಅಂತಲೂ ಅಲ್ಲ. ಒಂದು ಸಲ ಕೇಳಿದ್ದೆ, ಯಾಕೋ ಡಲ್ ಇದೀಯ ಅಂತ. 'ಏ, ಆರಾಮ ಅದೀನಿ, ಸುಮ್ನ ಮೂಡ್ ಆಫ್' ಅಂದ. ಉತ್ತರ ಕರ್ನಾಟಕದಲ್ಲಿ ಎದುರು ಸಿಕ್ಕವರನ್ನ 'ಆರಾಮ ಅದೀರಿ?' ಅಂತ ಕೇಳಿದ್ರೆ 'ಆರಾಮ' ಅಂತಲೇ ಉತ್ತರ. ಮಂಗಳೂರಿನವರ 'ಸೌಖ್ಯ'ದ ಹಾಗೆ, ನಮ್ಮ ಕಡೆಯ 'ಅಡ್ಡಿಲ್ಲೆ'ಯ ಹಾಗೆ. ಅದು ಮರ್ಯಾದೆಯ ಮಾತು, ವರದಿ ಅಲ್ಲ. ಅದು ಎಲ್ಲರಿಗೂ ಗೊತ್ತು, ಅದಕ್ಕೇ ಮೊದಲೆಲ್ಲ ಜನ ಆರಾಮ ಅಂದಮೇಲೂ ಕಟ್ಟೆ ಮೇಲೆ ಕೂತು ಇನ್ನೊಂದರ್ಧ ಗಂಟೆ ಮಾತಾಡ್ತಿದ್ರು. 'ಮೂಡ್ ಆಫ್' ಅನ್ನೋದು ವರದಿಯ ಥರ ಕೇಳಿಸುತ್ತೆ. ಏನೋ ಒಳಗಿಂದು ಹೇಳಿಬಿಟ್ಟ ಅನ್ನಿಸುತ್ತೆ. ಮಾತು ಅಲ್ಲಿಗೆ ಮುಗಿಯುತ್ತೆ. ಹೇಳಿದವನಿಗೂ ಬಚಾವು, ಕೇಳಿದವನಿಗೂ ಬಚಾವು. ಫೀ ಅಂದಿದ್ರೆ ನಾನು ಏನಾದ್ರೂ ಮಾಡಬೇಕಾಗ್ತಿತ್ತು. ಹಸಿವು ಅಂದಿದ್ರೂ ಮಾಡಬೇಕಾಗ್ತಿತ್ತು. ಮೂಡ್ ಆಫ್ ಅಂದ್ರೆ ಒಂದು ಇಮೋಜಿ ಸಾಕು. ನನ್ನ ತಕರಾರು ಇರೋದು ಇಲ್ಲಿ.

ಸಿಗ್ನಲ್ಸ್ ಪೇಪರಿನಲ್ಲಿ ಪ್ರತಿ ವರ್ಷ ಬರೋ ಒಂದು ಪ್ರಶ್ನೆ ಇದೆ, ಎಲ್ಲರೂ ಬಾಯಿಪಾಠ ಮಾಡಿರ್ತೀವಿ. ಸಿಗ್ನಲ್ಲಿನಲ್ಲಿರೋ ಅತಿ ಹೆಚ್ಚಿನ ಫ್ರೀಕ್ವೆನ್ಸಿಯ ಎರಡರಷ್ಟಕ್ಕಿಂತ ಕಡಿಮೆ ಸಲ ಸ್ಯಾಂಪಲ್ ತಗೊಂಡ್ರೆ ಅಲಿಯಾಸಿಂಗ್ ಆಗುತ್ತೆ. ಅಂದ್ರೆ ಸಿಗ್ನಲ್ ಬರೀ ಮಸುಕಾಗಲ್ಲ, ಬೇರೆಯದೇ ಸಿಗ್ನಲ್ ಇದ್ದ ಹಾಗೆ ಕಾಣುತ್ತೆ. ವೀಡಿಯೋದಲ್ಲಿ ಬಸ್ಸಿನ ಚಕ್ರ ಹಿಂದಕ್ಕೆ ತಿರುಗಿದ ಹಾಗೆ. ಎರಡು ವಾರಕ್ಕೆ ಒಂದು ಸಲ ಕೇಳಿ, ಸಿಕ್ಕ ಒಂದು ಬಿಟ್ ಇಟ್ಕೊಂಡು, ಮಧ್ಯದ ಗೆರೆಯನ್ನ ನಾವೇ ಎಳಕೊಂಡ್ರೆ ಇನ್ನೇನು ಬರುತ್ತೆ? ಮಾರ್ಕ್ಸಿಗೆ ಬರೆದಿದ್ದು ಬಿಟ್ರೆ ಈ ಪ್ರಮೇಯ ನನಗೆ ಉಪಯೋಗಕ್ಕೆ ಬಂದಿದ್ದು ಅದೊಂದು ಆಟೋದಲ್ಲೇ, ಅದೂ ತಡವಾಗಿ.

ನೀವೇನು ಕೇಳ್ತೀರಿ ಅಂತ ಗೊತ್ತು. ಎಲ್ಲರೂ ಎಲ್ಲರಿಗೂ ಎಲ್ಲಾ ಹೇಳಬೇಕಾ? ಒಬ್ಬನಿಗೆ ಸುಮ್ಮನಿರೋ ಹಕ್ಕಿಲ್ವಾ? ಇದೆ. ನನ್ನ ಗೆಳತಿಯೊಬ್ಬಳು ಈ ಬರಹದ ಕರಡು ಓದಿ, 'ಮೂಡ್ ಆಫ್ ಅನ್ನೋದು ಕೆಲವು ಸಲ ಬಾಗಿಲು, ನಾವು ಬೇಕಂತಲೇ ಹಾಕ್ಕೊಳ್ಳೋದು, ನೀನು ಯಾಕೆ ಬಡೀತೀಯ' ಅಂದಳು. ಅವಳ ಮಾತು ಸರಿ. ಬಾಗಿಲು ಹಾಕ್ಕೊಳ್ಳೋದು ತಪ್ಪಲ್ಲ. ಆದ್ರೆ ಒಳಗಿರೋನಿಗಾದ್ರೂ ತಾನು ಯಾವ ರೂಮಿನಲ್ಲಿದೀನಿ ಅಂತ ಗೊತ್ತಿರಬೇಕಲ್ವಾ. ನನಗೆ ಆಗಿದ್ದು ಕಿರಿಕಿರಿಯೋ ದುಗುಡವೋ ಅಂತ ನನಗೇ ಗೊತ್ತಿಲ್ಲದಿದ್ರೆ, ಕಿವಿ ಮುಚ್ಚಿಕೊಂಡು ಮಲಗಬೇಕೋ ಮನೆಗೆ ಫೋನ್ ಮಾಡಬೇಕೋ ಅಂತ ಹೇಗೆ ಗೊತ್ತಾಗುತ್ತೆ? ಬೇರೆಯವರಿಗೆ ಹೇಳೋದು ಆಮೇಲಿನ ಮಾತು.

ಫೀ ವಿಷಯ ಹೇಗೋ ಆಯ್ತು. ಡಿಪಾರ್ಟ್‌ಮೆಂಟಿನ ಸರ್ ಒಬ್ಬರು ದಂಡ ಸಹಿತ ಕಟ್ಟೋಕೆ ಇನ್ನೂ ಎರಡು ದಿನ ಇದೆ ಅಂತ ಹುಡುಕಿ ಹೇಳಿದ್ರು, ನಾವು ಆರು ಜನ ಸೇರಿ ಹಾಕಿದ್ವಿ, ಅವನು ಸಂಕ್ರಾಂತಿ ಆದ್ಮೇಲೆ ಕಂತಿನಲ್ಲಿ ವಾಪಸ್ ಕೊಡ್ತಿದಾನೆ. ಬೇಡ ಅಂದ್ರೆ ಬಯ್ತಾನೆ. ಎರಡು ಸಬ್ಜೆಕ್ಟ್ ಹೋಯ್ತು, ಎರಡು ವಾರ ಓದಿರಲಿಲ್ಲ. ಸ್ಟೇಟಸ್ಸಿನಲ್ಲಿ ಈಗಲೂ ಟಪಾಂಗುಚ್ಚಿ ಇರುತ್ತೆ. ಅದು ಏನು ಅಂತ ನಾನೀಗ ಊಹೆ ಮಾಡೋಕೆ ಹೋಗಲ್ಲ, ಊಟಕ್ಕೆ ಬಂದ್ಯಾ ಅಂತ ಕೇಳ್ತೀನಿ.

ಡಯೋಡ್ ಗಾಯ ಮಾಯ್ದಿದೆ. ಆದ್ರೆ ಅವಳದ್ದೊಂದು ಕೇಸು ಬಾಕಿ ಇದೆ. ಫ್ಲೋರಿನಲ್ಲಿ ಬೆಕ್ಕು ಇರಕೂಡದು ಅಂತ ಕೆಲವರ ದೂರಿದೆ. ಒಬ್ಬರಂತೂ ಗೋಣಿಚೀಲದಲ್ಲಿ ಹಾಕಿ ಮಾರ್ಕೆಟ್ ಹತ್ತಿರ ಬಿಟ್ಟು ಬರೋಣ ಅಂದ್ರು. ನಮ್ಮ ಊರಲ್ಲೂ ಹೊಳೆಯಾಚೆ ಬಿಟ್ಟು ಬರೋ ಪದ್ಧತಿ ಇತ್ತು, ಆದ್ರೆ ಸಾಕಿದ ಪ್ರಾಣಿಯನ್ನು ಅನ್ನ ನೀರಿಲ್ಲದೆ ನರಳೋ ಹಾಗೆ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಅಪರಾಧ. ವಾರ್ಡನ್ ಸರ್ ಒಳ್ಳೆಯವರು, ಆಪರೇಷನ್ ಮಾಡಿಸಿ, ರೇಬೀಸ್ ಇಂಜೆಕ್ಷನ್ ಹಾಕಿಸಿ, ಮರಿ ಸಂತೆ ಆಗದ ಹಾಗೆ ನೋಡ್ಕೊಂಡ್ರೆ ಇರಲಿ ಅಂದಿದಾರೆ. ಬಾಯಿಮಾತಿನಲ್ಲಿ.

ಹಾಗಾಗಿ ಬರೋ ಭಾನುವಾರ ಸಂಜೆ ಐದಕ್ಕೆ ಸೆಕೆಂಡ್ ಫ್ಲೋರಿನ ಮೆಟ್ಟಿಲ ಹತ್ತಿರ ನಾನೂ ರೂಮ್‌ಮೇಟೂ ಕೂತಿರ್ತೀವಿ, ಡಬ್ಬ ಇಟ್ಕೊಂಡು. ಹತ್ತು ರೂಪಾಯಿ ಆದ್ರೂ ಸಾಕು. ಬರೋವಾಗ ಹಾಲು ತರಬೇಡಿ, ದೊಡ್ಡ ಬೆಕ್ಕಿಗೆ ಹಾಲು ಜೀರ್ಣ ಆಗೋದು ಕಷ್ಟ, ಆಮೇಲೆ ಕ್ಲೀನ್ ಮಾಡೋರು ನಾವು. ದುಡ್ಡಿಲ್ಲದಿದ್ರೂ ಬನ್ನಿ, ಸ್ಪೀಕರ್ ಇರುತ್ತೆ. ಹಾಡು ನೀವು ಹೇಳಿದ್ದು ಹಾಕಲ್ಲ. ಸರದಿ ಪ್ರಕಾರ ಯಾರ ಫೋನು ಬರುತ್ತೋ ಅವರದ್ದು.